ನದಿಯ ನಡುವೆ ಕೂಗಿದವಳು

ವಿದಿನ್
3 ಮಾರ್ಚ್ 1974

ಸೆವ್ದಾ,

ಮೊದಲು ಕೂತುಕೋ. ಕೂತೆಯಾ? ನನಗೆ ಸಿನಿಮಾ ಸಿಕ್ಕಿದೆ! ಮದುವೆ ದೃಶ್ಯದಲ್ಲಿ ಹಿಂದಿನ ಸಾಲಿನಲ್ಲಿ ಬ್ರೆಡ್ಡು ಹಿಡಿದು ನಿಲ್ಲುವ ಪಾತ್ರವಲ್ಲ ಮಾರಾಯ್ತಿ, ನಾಯಕಿಯ ಪಾತ್ರ. ನಿರ್ದೇಶಕ ಕರಾಪೆಟ್ರೋವ್ ತಾನೇ ನಮ್ಮ ನಾಟಕ ಮಂದಿರಕ್ಕೆ ಬಂದಿದ್ದ. ನಾನು ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ನಿಂತು, "ಈ ಮುಖಕ್ಕೋಸ್ಕರ ಊರೂರು ಅಲೆದೆನಲ್ಲಮ್ಮ, ಎಲ್ಲಿ ಅಡಗಿದ್ದೆ ನೀನು?" ಎಂದ. ನನ್ನ ಒಂದು ಕೆನ್ನೆ ಕೆಂಪು, ಒಂದು ಕೆನ್ನೆ ಬಿಳಿ, ಬೆಪ್ಪಾಗಿ ನೋಡುತ್ತ ಕೂತಿದ್ದೆ.

ಡಾನ್ಯೂಬಿನಲ್ಲಿ ದೋಣಿ ನಡೆಸುವ ಒಬ್ಬ ವಿಧವೆಯ ಕತೆ. ಕೊನೆಯಲ್ಲಿ ಅವಳ ಮಗ ನೀರಿಗೆ ಬೀಳುತ್ತಾನೆ. ಚಿತ್ರೀಕರಣವೂ ಇಲ್ಲೇ, ನಮ್ಮ ದಡದಲ್ಲೇ.

ಅಮ್ಮನಿಗೆ ಈಗ ಬೆಳಕು, ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ. ಸುದ್ದಿ ಹೇಳಿದ ಕೂಡಲೇ ನನ್ನ ಮುಖವೆಲ್ಲ ತಡವಿ ನೋಡಿದಳು. "ನೋಡಕ್ಕಾಗದಿದ್ರೇನಂತೆ, ಕೇಳ್ತೀನಲ್ಲ! ನಾಟಕಕ್ಕೆ ಬಂದ್ರೆ ಕೆಮ್ಮೋರ ಮಧ್ಯೆ ನಿನ್ನ ಮಾತೇ ಕೇಳ್ಸಲ್ಲ. ಸಿನಿಮಾದಲ್ಲಿ ದೊಡ್ಡದಾಗಿ ಕೇಳ್ಸತ್ತೆ. ಸಾಯೋದ್ರೊಳಗೆ ಒಂದ್ಸಲ ನನ್ನ ಮಗಳ ದನಿ ಆ ಗೋಡೆಯಿಂದ ಈ ಗೋಡೆವರೆಗೂ ತುಂಬೋದು ಕೇಳ್ಬೇಕು" ಎಂದಳು. ನಿನ್ನನ್ನೂ ನೆನೆದಳು. ಓದುವ ದಿನಗಳಲ್ಲಿ ಬೇಸಿಗೆ ರಜೆಗೆ ನಮ್ಮಲ್ಲಿ ಬಂದು ಅವಳಿಗೆ ಪತ್ರಿಕೆ ಓದಿ ಹೇಳುತ್ತಿದ್ದೆಯಲ್ಲ, ಅದನ್ನು ಅವಳು ಮರೆತಿಲ್ಲ.

ಲಕೋಟೆಯಲ್ಲಿ ಮಾರ್ಚ್ ಒಂದಕ್ಕೆ ಕೈಗೆ ಕಟ್ಟಿಕೊಳ್ಳುವ ಕೆಂಪು, ಬಿಳಿ ದಾರ ಇಟ್ಟಿದ್ದೇನೆ. ತಡವಾಯಿತು, ಬೈಯಬೇಡ. ಕೊಕ್ಕರೆ ಕಾಣುವವರೆಗೂ ಬಿಚ್ಚಬೇಡ.

ನಿನ್ನ
ನೆವೆನಾ


ಸೋಫಿಯಾ
12 ಮಾರ್ಚ್ 1974

ನೆವೆನಾ,

ದಾರ ಕಟ್ಟಿಕೊಂಡೆ. ಸೋಫಿಯಾದಲ್ಲಿ ಕೊಕ್ಕರೆ ಎಲ್ಲಿ ಬರಬೇಕು? ಬಸ್ಸಿನ ಹೊಗೆಗೆ ಅದು ಮೇ ತಿಂಗಳವರೆಗೂ ಕೈಯಲ್ಲೇ ಇದ್ದು ಕಪ್ಪಾಗುತ್ತದೆ.

ಸಂತೋಷವಾಯಿತು. ಆ ಪಾತ್ರದ ವಿಷಯ ಇಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರಿಗೆ ಸಿಗುತ್ತದೋ ಎಂದು ಸ್ಟುಡಿಯೋದ ಊಟದ ಮನೆಯಲ್ಲಿ ತಿಂಗಳುಗಟ್ಟಲೆ ಅದೇ ಮಾತು. ನಿನಗೆ ಸಿಕ್ಕಿತಲ್ಲ, ಒಳ್ಳೆಯದಾಯಿತು.

ನನ್ನದು ಅದೇ ಹಳೇ ಕತೆ. ಬೆಳಿಗ್ಗೆ ರೇಡಿಯೋ ನಾಟಕ, ಮಧ್ಯಾಹ್ನ ಕತ್ತಲ ಕೋಣೆಯಲ್ಲಿ ಕೂತು ಯಾರದೋ ಬಾಯಿಗೆ ಕಂಠದಾನ. ಕಳೆದ ವಾರ ಬೊಂಬೆ ಚಿತ್ರದ ಬಾತುಕೋಳಿಗೆ ದನಿ ಕೊಟ್ಟೆ. ಮೊಟ್ಟೆ ಇಡುವಾಗ ಇನ್ನೂ ಸ್ವಲ್ಪ ಭಾವನೆ ಬೇಕು ಎಂದರು, ಕೊಟ್ಟೆ.

ಒಂದು ಮಾತು ಹೇಳುತ್ತೇನೆ, ತಲೆಗೆ ಹಾಕಿಕೋ. ದಡದಲ್ಲಿ ನೀನು ಆಡುವ ಮಾತು ಬರೀ ಗುರುತಿಗೆ. ಚಿತ್ರದಲ್ಲಿ ಕೇಳುವ ಮಾತೆಲ್ಲ ಆಮೇಲೆ ಇಲ್ಲಿ ಡಬ್ಬಿಂಗ್ ಕೋಣೆಯಲ್ಲಿ ಹೊಸದಾಗಿ ಹಿಡಿಯುವುದು. ಅದಕ್ಕೇ ಕರಾರಿನಲ್ಲಿ "ದನಿಯೂ ನನ್ನದೇ" ಎಂದು ಬರೆಸಿಕೋ. ನಾಚಿಕೆ ಪಡಬೇಡ.

ಅಮ್ಮನಿಗೆ ನನ್ನ ಮುತ್ತು.

ಸೆವ್ದಾ


ವಿದಿನ್
22 ಜೂನ್ 1974

ಸೆವ್ದಾ,

ನಿನ್ನ ಬುದ್ಧಿವಾದ ಓದಿ ಬಿದ್ದು ಬಿದ್ದು ನಕ್ಕೆ. ನನ್ನ ದನಿ ನನ್ನದಲ್ಲದೆ ಇನ್ಯಾರದು, ಪಕ್ಕದ ಮನೆಯವಳದೇ? ಹೀಗೆಲ್ಲ ಕರಾರು ಕೇಳಿದರೆ ಕರಾಪೆಟ್ರೋವ್ ನನ್ನನ್ನು ಎತ್ತಿ ನದಿಗೆ ಎಸೆಯುತ್ತಾನೆ. ನಾನು ಕೇಳಲಿಲ್ಲ.

ನಿನ್ನೆ ಕೊನೆಯ ದೃಶ್ಯ ಆಯಿತು. ಕ್ಯಾಮೆರಾ ದಡದ ಮೇಲೆ, ನಾನು ಹೊಳೆಯ ನಡುವೆ. ಕರಾಪೆಟ್ರೋವ್ ದಡದಿಂದ ಭೋಂಗಾ ಹಿಡಿದು ಒದರುತ್ತಿದ್ದ, ಗಾಳಿಗೆ ಅವನ ಮಾತು ನಮಗಿಲ್ಲ, ನಮ್ಮ ಮಾತು ಅವನಿಗಿಲ್ಲ. ನನ್ನ ಜೊತೆ ದೋಣಿಯಲ್ಲಿ ಇದ್ದವನು ಒಬ್ಬನೇ, ಶಬ್ದ ಹಿಡಿಯುವ ತೊಮಾ. ತನ್ನ ಪೆಟ್ಟಿಗೆ ತಬ್ಬಿಕೊಂಡು ದೋಣಿಯ ತಳದಲ್ಲಿ ಅಡಗಿ ಮಲಗಿದ್ದ.

ಮಗ ಮುಳುಗುವುದನ್ನು ನೋಡಿ ಕೂಗಬೇಕಿತ್ತು. ಅದು ಹೇಗಾಯಿತೋ ನನಗೇ ಗೊತ್ತಿಲ್ಲ ಕಣೇ. ನಾನು ಹುಟ್ಟಿದ್ದು, ಬೆಳೆದದ್ದು, ಅಪ್ಪನನ್ನು ಕಳೆದುಕೊಂಡದ್ದು ಎಲ್ಲ ಈ ನದಿಯಲ್ಲೇ ತಾನೇ? ಬಾಯಿ ತೆರೆದೆ, ಏನೋ ಬಂತು. ಮುಗಿದ ಮೇಲೆ ತೊಮಾ ಕಿವಿಯಿಂದ ಹೆಡ್‌ಫೋನು ತೆಗೆದು ಸುಮ್ಮನೆ ಮುಖ ನೋಡುತ್ತಿದ್ದ. "ಏನಯ್ಯ, ಕೆಟ್ಟೋಯ್ತಾ?" ಎಂದೆ. "ಸುಮ್ನಿರಕ್ಕಾ ಸ್ವಲ್ಪ ಹೊತ್ತು" ಎಂದ.

ಡಬ್ಬಿಂಗಿಗೆ ಕರೆ ಬಂದಾಗ ನಿನ್ನ ಮನೆಯಲ್ಲೇ ಉಳಿಯುತ್ತೇನೆ. ಮಂಚ ನನಗೆ, ನೆಲ ನಿನಗೆ.

ನೆವೆನಾ


ಸೋಫಿಯಾ
14 ಅಕ್ಟೋಬರ್ 1974

ನೆವೆನಾ,

ಬೇಸಿಗೆಯೆಲ್ಲ ನಿನಗೆ ಒಂದು ಸಾಲು ಬರೆಯಲಿಲ್ಲ. ಬೈದುಕೋ.

ಇಲ್ಲಿ ಎಲ್ಲರ ಬಾಲ್ಕನಿಯಲ್ಲೂ ಮೆಣಸಿನಕಾಯಿ ಸುಡುತ್ತಿದ್ದಾರೆ. ಬೀದಿಯ ತುಂಬ ಅದೇ ಘಾಟು. ನನ್ನ ಗಂಟಲು ಹೋಗಿದೆ. ಒಂದು ದೊಡ್ಡ ಕೆಲಸ ಮುಗಿಸಿದೆ, ಅದರ ಬಗ್ಗೆ ಬರೆಯುವಂಥದ್ದೇನಿಲ್ಲ. ಡಾಕ್ಟರು ಮಾತಾಡಲೇಬೇಡ ಎಂದಿದ್ದಾರೆ, ನನಗೂ ಯಾರ ಹತ್ತಿರವೂ ಮಾತಾಡಬೇಕು ಅನ್ನಿಸುತ್ತಿಲ್ಲ.

ಅಮ್ಮನ ಕಿವಿ ಹೇಗಿದೆ? ಮೊದಲಿನಷ್ಟೇ ಚುರುಕಾಗಿದೆಯೇ?

ಸೆವ್ದಾ


ವಿದಿನ್
30 ಅಕ್ಟೋಬರ್ 1974

ಸೆವ್ದಾ,

ಎಂಥ ಪತ್ರವೇ ಅದು! ಗಂಟಲು ಹೋದವರು ಕೈಯಲ್ಲೂ ಮಾತಾಡಬಾರದೇ? ಲಿಂಡನ್ ಹೂವಿನ ಚಹಾ ಕುಡಿ, ಜೇನು ಹಾಕಿಕೋ, ಮೂತಿ ನೆಟ್ಟಗೆ ಮಾಡಿಕೋ. ಅಮ್ಮನ ಕಿವಿ ಕೇಳುತ್ತೀಯಲ್ಲ, ಅಂಗಳದಲ್ಲಿ ಬೆಕ್ಕು ಬಂದರೆ ಯಾರ ಮನೆಯ ಬೆಕ್ಕು ಎಂದು ಹೇಳುತ್ತಾಳೆ.

ಒಂದು ವಿಚಿತ್ರ. ಡಬ್ಬಿಂಗಿಗೆ ನನ್ನನ್ನು ಕರೆಯಲೇ ಇಲ್ಲ! ಚಿತ್ರ ಸಿದ್ಧವಾಗಿದೆಯಂತೆ. ಮೊದಲು ಗಾಬರಿಯಾಯಿತು. ಆಮೇಲೆ ಯೋಚಿಸಿದೆ: ದೋಣಿಯಲ್ಲಿ ತೊಮಾ ಹಿಡಿದದ್ದೇ ಚೆನ್ನಾಗಿದೆ ಎಂದು ಹಾಗೇ ಇಟ್ಟುಕೊಂಡಿರಬೇಕು. ಅವನು ಆವತ್ತು ಮಾತು ನಿಲ್ಲಿಸಿ ಕೂತದ್ದು ಅದಕ್ಕೇ. ನೋಡು, ನೀನು ಕರಾರು, ಗಿರಾರು ಎಂದು ಹೆದರಿಸಿದ್ದೆ!

ನವೆಂಬರ್ ಇಪ್ಪತ್ತೆರಡಕ್ಕೆ ವಿದಿನ್ನಿನಲ್ಲಿ ಮೊದಲ ಪ್ರದರ್ಶನ. ನಮ್ಮ ನಾಟಕದವರೆಲ್ಲ ಬರುತ್ತಾರೆ. ಅಮ್ಮ ಆಗಲೇ ಪೆಟ್ಟಿಗೆಯಿಂದ ಮದುವೆಯ ಶಾಲು ತೆಗೆದು ಗಾಳಿಗೆ ಹಾಕಿದ್ದಾಳೆ. ನೀನು ಬರಲೇಬೇಕು.

ನೆವೆನಾ


ತಂತಿ
ಸೋಫಿಯಾ, 20 ನವೆಂಬರ್ 1974

ಬರಲಾಗದು. ಅಮ್ಮನನ್ನು ಚಿತ್ರಕ್ಕೆ ಕರೆದೊಯ್ಯಬೇಡ. ಸೆವ್ದಾ.


ವಿದಿನ್
24 ನವೆಂಬರ್ 1974

ಸೆವ್ದಾ,

ನಿನ್ನ ತಂತಿ ನೋಡಿ ನಾನೇನು ತಿಳಿದುಕೊಂಡೆ ಗೊತ್ತೇ? ಊರಲ್ಲಿ ಜ್ವರ ಹಬ್ಬಿದೆ, ಮುದುಕಿಯನ್ನು ಜನಜಂಗುಳಿಗೆ ಕರೆದೊಯ್ಯಬೇಡ ಎನ್ನುತ್ತಿದ್ದಾಳೆ, ಎಷ್ಟು ಕಾಳಜಿ ಇವಳಿಗೆ ಎಂದುಕೊಂಡೆ. ಅಮ್ಮನಿಗೆ ಇನ್ನೊಂದು ಸ್ವೆಟರು ಹಾಕಿ ಕರೆದುಕೊಂಡು ಹೋದೆ.

ದೀಪ ಆರಿತು. ಅಮ್ಮನ ಕೈ ನನ್ನ ಕೈಯಲ್ಲಿತ್ತು. ನದಿ ಬಂತು, ದೋಣಿ ಬಂತು, ಪರದೆಯ ತುಂಬ ನನ್ನ ಮುಖ ಬಂತು. ಹಿಂದಿನ ಸಾಲಿನಿಂದ ನಮ್ಮ ನಾಟಕದ ಕುಂಚೋ "ಹೋ!" ಎಂದು ಚಪ್ಪಾಳೆ ಹೊಡೆದ. ನನ್ನ ಬಾಯಿ ತೆರೆಯಿತು. ಬೇರೆ ಯಾರೋ ಮಾತಾಡಿದರು.

ಯಂತ್ರ ಕೆಟ್ಟಿದೆ, ಈಗ ನಿಲ್ಲಿಸುತ್ತಾರೆ, ಸರಿ ಮಾಡುತ್ತಾರೆ ಎಂದು ಕಾದೆ. ಯಾರೂ ನಿಲ್ಲಿಸಲಿಲ್ಲ. ನಾನು ನಕ್ಕರೆ ಅವಳ ನಗು, ನಾನು ಬೈದರೆ ಅವಳ ಬೈಗುಳ. ಅಲ್ಲಿ ಪರದೆಯ ಮೇಲಿರುವವಳು ನಾನೇ, ಇಲ್ಲಿ ಕುರ್ಚಿಯಲ್ಲಿ ಕೂತವಳೂ ನಾನೇ, ಇಬ್ಬರಿಗೂ ಬಾಯಿ ಇಲ್ಲ.

ಅಮ್ಮ ಪಿಸುಗುಟ್ಟಿದಳು: "ನೆವೆ, ನೀನ್ಯಾವಾಗ ಬರ್ತೀಯ?"

"ಬಂದಿದೀನಮ್ಮ. ಈಗ ಇರೋದು ನಾನೇ."

"ಸುಳ್ಳು ಹೇಳ್ಬೇಡ. ಮಾತಾಡ್ತಿರೋಳು ನೀನಲ್ಲ." ಇನ್ನೊಂದು ಸ್ವಲ್ಪ ಹೊತ್ತು ಕಿವಿಗೊಟ್ಟಳು. ಆಮೇಲೆ ಇಡೀ ಚಿತ್ರಮಂದಿರಕ್ಕೆ ಕೇಳುವ ಹಾಗೆ ಹೇಳಿದಳು: "ಏ, ಇವಳು ನಮ್ಮ ಸೆವ್ದಾ ಅಲ್ವೇನೇ! ಅವಳೂ ಮಾಡಿದಾಳಾ? ಹೇಳ್ಲೇ ಇಲ್ವಲ್ಲ ನೀನು! ಅಬ್ಬಬ್ಬ, ಏನು ಚೆಂದ ಮಾತಾಡ್ತಾಳೆ!"

ಮುಂದಿನ ಸಾಲಿನವರು ತಿರುಗಿ ನೋಡಿದರು. ಅಲ್ಲಿಯವರೆಗೂ ನನಗೆ ಹೊಳೆದಿರಲಿಲ್ಲ ಸೆವ್ದಾ. ನನ್ನ ಕಣ್ಣು ಎರಡೂ ಸರಿಯಿವೆ, ಕಿವಿಯೂ ಸರಿಯಿದೆ. ಆದರೂ ಗುರುತು ಹಿಡಿದವಳು ಅವಳು.

ಅಮ್ಮ ಕೊನೆಯವರೆಗೂ ಕಾದಳು. ಪ್ರತಿ ಸಲ ಹೆಂಗಸಿನ ಹೊಸ ದನಿ ಕೇಳಿದಾಗಲೂ ನನ್ನ ಕೈ ಒತ್ತಿ "ಇದಾ?" ಎನ್ನುತ್ತಿದ್ದಳು. ಅಂಗಡಿಯವಳು ಬಂದಾಗ "ಇದಾ?" ಸೂಲಗಿತ್ತಿ ಬಂದಾಗ "ಇದಾ?" ನಾನೇನು ಹೇಳಲಿ! ದೀಪ ಹತ್ತಿಸಿದ ಮೇಲೆ ಹೂವು ಕೊಟ್ಟರು, ಚಪ್ಪಾಳೆ ಹೊಡೆದರು. ಕುಂಚೋ, "ಏನ್ ನೆವೆನಾ, ಸೋಫಿಯಾ ನೀರು ಕುಡಿದು ಗಂಟಲೇ ಬದಲಾಗೋಯ್ತಾ?" ಎಂದು ಕಣ್ಣು ಹೊಡೆದ. ಮನೆಗೆ ಬರುವಾಗ ಅಮ್ಮ ನನ್ನ ತೋಳು ಸವರುತ್ತ, "ನಿನ್ನ ಮಾತೆಲ್ಲ ಕತ್ತರಿಸಿ ಹಾಕ್ಬಿಟ್ರಾ ಮಗಳೇ? ಹೋಗ್ಲಿ ಬಿಡು, ಮುಂದಿನ್ಸಲ" ಎಂದಳು.

ಇದು ನೀನೇ ತಾನೇ? ಅಲ್ಲ ಎಂದು ಒಂದು ಸಾಲು ಬರೆ. ನಂಬುತ್ತೇನೆ.

ನೆವೆನಾ


ಸೋಫಿಯಾ
3 ಡಿಸೆಂಬರ್ 1974

ನೆವೆನಾ,

ನಾನೇ.

ಕೆಲಸಕ್ಕೆ ಕರೆದಾಗ ಯಾವ ಚಿತ್ರ ಎಂದು ಹೇಳಲಿಲ್ಲ, ಅವರು ಹೇಳುವುದೂ ಇಲ್ಲ. ಕತ್ತಲ ಕೋಣೆಗೆ ಹೋದೆ, ಹೆಡ್‌ಫೋನು ಹಾಕಿಕೊಂಡೆ, ಪರದೆಯ ಮೇಲೆ ನಿನ್ನ ಮುಖ ಬಂತು. ಗಾಜಿನ ಆಚೆ ಕರಾಪೆಟ್ರೋವ್ ಕಾಫಿ ಕುಡಿಯುತ್ತ ಕೂತಿದ್ದ. "ಇವಳು ನನ್ನ ಗೆಳತಿ, ಇವಳನ್ನೇ ಕರೆಸಿ" ಎಂದೆ. "ಅವಳ ಆ ದಪ್ಪ ಗಂಟಲು, ಆ ಹೊಳೆದಂಡೆ ಮಾತು ಯಾರಿಗೆ ಬೇಕು? ಮೊದಲ್ನೇ ದಿನಾನೇ ತೀರ್ಮಾನ ಮಾಡ್ದೆ. ನನಗೆ ಬೇಕಾಗಿದ್ದು ಮುಖ, ಸಿಕ್ತು. ನೀನು ಶುರು ಮಾಡಮ್ಮ" ಎಂದ.

ಎದ್ದು ಬರಬಹುದಿತ್ತು. ಬರಲಿಲ್ಲ. ಯಾಕೆ ಎಂದು ಕೇಳಿದರೆ, ಅದೇ ಪಾತ್ರದ ಪರೀಕ್ಷೆಗೆ ಫೆಬ್ರವರಿಯಲ್ಲಿ ನಾನೂ ಹೋಗಿದ್ದೆ. "ಕಂಠ ಬಂಗಾರ, ಮುಖ ಮಾತ್ರ ಯಾರಿಗೂ ನೆನಪುಳಿಯಲ್ಲ" ಎಂದು ನನ್ನೆದುರೇ ಹೇಳಿ ಕಳಿಸಿದ್ದ. ನಿನಗೆ ಸಿಕ್ಕಿದೆ ಎಂದು ಓದಿದ ದಿನ ಹೊಟ್ಟೆಕಿಚ್ಚಿನಿಂದ ನನಗೆ ಅನ್ನ ಇಳಿಯಲಿಲ್ಲ. ಅದಕ್ಕೇ ಕತ್ತಲಲ್ಲಿ ಆ ಪಾತ್ರ ಬಂದು ಎದುರು ನಿಂತಾಗ ಬಿಡಲು ಮನಸ್ಸಾಗಲಿಲ್ಲ. ಇಷ್ಟು ವರ್ಷ ಬಾತುಕೋಳಿ, ನಾಯಿಮರಿ, ಪರದೇಶದ ಹೆಂಗಸರು. ಒಂದು ಸಲವಾದರೂ ನಾಯಕಿ.

ಹೆಸರು ಎಲ್ಲೂ ಹಾಕುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ. ಅಮ್ಮನ ಕಿವಿ ಮಾತ್ರ ನನ್ನನ್ನು ನಿದ್ದೆಗೆ ಬಿಡಲಿಲ್ಲ.

ಸೆವ್ದಾ


ವಿದಿನ್
9 ಡಿಸೆಂಬರ್ 1974

ಸೆವ್ದಾ,

ಕರಾಪೆಟ್ರೋವ್ ಮುಂದಿನ ಚಿತ್ರದ ಕರಾರು ಕಳಿಸಿದ್ದಾನೆ. ನಾಯಕಿ ನಾನೇ. "ದನಿ: ಹಿಂದಿನಂತೆಯೇ" ಎಂದಿದೆ. ಮಾರ್ಚ್ ಒಂದರೊಳಗೆ ಸಹಿ ಹಾಕದಿದ್ದರೆ ಬೇರೆ ಮುಖ ಹುಡುಕುತ್ತಾನಂತೆ. ಹಾಕಿದರೆ ಜೀವಮಾನವಿಡೀ ಮೂಗಿ, ಹಾಕದಿದ್ದರೆ ಜೀವಮಾನವಿಡೀ ಬ್ರೆಡ್ಡು ಹಿಡಿದು ನಿಲ್ಲುವವಳು. ಬಹುಶಃ ಅವನು ಹೇಳುವುದೇ ನಿಜವೇನೋ, ನನ್ನ ದನಿ ಯಾರಿಗೂ ಬೇಡದ್ದೇನೋ. ಈಗ ಅಂಗಡಿಯಲ್ಲಿ ಬ್ರೆಡ್ಡು ಕೇಳುವಾಗಲೂ ನನಗೆ ನಾಲಿಗೆ ತಡವರಿಸುತ್ತದೆ. ಅದನ್ನು ನೀನು ಮಾಡಿದೆ.

ಇನ್ನು ಬರೆಯಬೇಡ.

ನೆವೆನಾ


ಸೋಫಿಯಾ
26 ಜನವರಿ 1975

ನೆವೆನಾ,

ಬರೆಯಬೇಡ ಎಂದಿದ್ದೆ, ಬರೆಯುತ್ತಿದ್ದೇನೆ. ಇದರ ಜೊತೆ ಒಂದು ಟೇಪಿನ ರೀಲು ಇದೆ. ಡಬ್ಬಿಂಗ್ ಮುಗಿದ ಮೇಲೆ ದಡದಲ್ಲಿ ಹಿಡಿದ ಟೇಪುಗಳನ್ನೆಲ್ಲ ಅಳಿಸಿ ಮತ್ತೆ ಬಳಸುತ್ತಾರೆ. ಎಲ್ಲ ಅಳಿಸಿ ಹೋಗಿದೆ. ಇದೊಂದು ಉಳಿದಿದೆ. ತೊಮಾನ ಹತ್ತಿರ ಹೋಗಿ ಕೇಳಿದೆ, ಕಪಾಟಿನ ಹಿಂದಿನಿಂದ ತೆಗೆದುಕೊಟ್ಟ. "ಇದನ್ನ ಅಳಿಸೋಕೆ ಕೈ ಬರ್ಲಿಲ್ಲ ಸೆವ್ದಕ್ಕಾ" ಎಂದ. ಸಿಕ್ಕಿಬಿದ್ದರೆ ಇಬ್ಬರ ಕೆಲಸವೂ ಹೋಗುತ್ತದೆ.

ಅಮ್ಮನಿಗೆ ಕೇಳಿಸು. ನನಗೆ ಉತ್ತರ ಬೇಡ.

ಸೆವ್ದಾ


ವಿದಿನ್
10 ಫೆಬ್ರವರಿ 1975

ಸೆವ್ದಾ,

ರೀಲು ಬಂದು ಹತ್ತು ದಿನ ಕಪಾಟಿನಲ್ಲೇ ಇತ್ತು. ಮುಟ್ಟಲು ಭಯ. ಕೇಳಿದರೆ ಕರಾಪೆಟ್ರೋವ್ ಹೇಳಿದ್ದೇ ನಿಜವಾಗಿಬಿಟ್ಟರೆ? ನಿನ್ನೆ ಭಾನುವಾರ ಕುಂಚೋ ತನ್ನ ಟೇಪ್ ರೆಕಾರ್ಡರ್ ಹೊತ್ತು ತಂದ. ಅಮ್ಮ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತು ಹುರುಳಿಕಾಯಿ ಬೀಜ ಬಿಡಿಸುತ್ತಿದ್ದಳು. ನಾನು ಏನೂ ಹೇಳಲಿಲ್ಲ. ಕುಂಚೋ ಗುಂಡಿ ಒತ್ತಿದ.

ಮೊದಲು ಬರೀ ಗಾಳಿ. ದೋಣಿಗೆ ನೀರು ಬಡಿಯುವ ಸದ್ದು. ತೊಮಾ ಕೆಮ್ಮಿದ. ಆಮೇಲೆ ಆ ಕೂಗು ಬಂತು.

ಅಮ್ಮನ ತೊಡೆಯ ಮೇಲಿದ್ದ ತಟ್ಟೆ ನೆಲಕ್ಕೆ ಬಿತ್ತು. ಬೀಜವೆಲ್ಲ ಚೆಲ್ಲಾಪಿಲ್ಲಿ. ಎದ್ದೇಬಿಟ್ಟಳು ಸೆವ್ದಾ! ಗೋಡೆ ಹಿಡಿದು ಹಿಡಿದು ಓಡಾಡುವ ಮುದುಕಿ, ಬರಿಗಾಲಲ್ಲಿ, ಯಾವುದನ್ನೂ ಹಿಡಿಯದೆ ಸೀದಾ ಬಾಗಿಲಿಗೆ ನುಗ್ಗಿದಳು. ಅಂಗಳದಲ್ಲಿ ಹಿಮ. "ಯಾರಾದ್ರೂ ಬನ್ರೋ! ನೆವೆನಾ ನೀರಲ್ಲಿದಾಳೆ! ನನ್ನ ಮಗಳು ಕೂಗ್ತಿದಾಳೆ, ಬನ್ರೋ!" ಎಂದು ಬೀದಿಯತ್ತ ತಿರುಗಿ ಒದರಿದಳು. ನಾನು ಓಡಿಹೋಗಿ ಅವಳ ತೋಳು ಹಿಡಿದೆ. "ಅಮ್ಮಾ, ನಾನಿಲ್ಲೇ ಇದೀನಿ, ನೋಡು, ನಾನೇ ನೆವೆ" ಎಂದೆ. ಅವಳು ನನ್ನ ಕೈ ಕಿತ್ತೆಸೆದು, "ಬಿಡೇ, ಯಾರೇ ನೀನು! ನನ್ನ ಮಗಳು ಸಾಯ್ತಿದಾಳೆ, ಬಿಡು!" ಎಂದಳು.

ನನ್ನ ಸ್ವಂತ ಅಮ್ಮ ನನಗೆ ಯಾರೇ ನೀನು ಎಂದಳು. ಪಕ್ಕದ ಮನೆಯ ಮುದುಕ ಹಗ್ಗ ಹಿಡಿದು ಓಡಿ ಬಂದಿದ್ದ. ಕುಂಚೋ ಗುಂಡಿ ಒತ್ತುವುದನ್ನೂ ಮರೆತು ಅಡುಗೆಮನೆಯಲ್ಲಿ ಗೋಡೆಗೊರಗಿ ನಿಂತಿದ್ದ. ಯಾವಾಗಲೂ ಹಲ್ಲು ಕಿರಿಯುವವನ ಕಣ್ಣಲ್ಲಿ ನೀರು.

ಅವಳನ್ನು ಒಳಗೆ ತಂದು ಕಾಲು ಬಿಸಿ ಮಾಡಿ ಸಮಾಧಾನ ಮಾಡುವಷ್ಟರಲ್ಲಿ ಸಾಕುಬೇಕಾಯಿತು. ಅರ್ಥವಾದ ಮೇಲೆ ನೆಲ ತಡವಿ ಬೀಜ ಆರಿಸತೊಡಗಿದಳು. ಆಮೇಲೆ, "ಆವತ್ತು ಸೆವ್ದಾ ಕೂಗಿದಾಗ ನಾನು ಅತ್ತೆ. ಚೆನ್ನಾಗಿ ಅಳಿಸಿದ್ಲು, ಸುಳ್ಳು ಹೇಳಲ್ಲ. ಆದ್ರೆ ಕುರ್ಚಿಯಿಂದ ಏಳಲಿಲ್ಲ ನೋಡು" ಎಂದಳು.

ಒಂದು ಮಾತು ಕೇಳಬೇಕು, ನೆಟ್ಟಗೆ ಹೇಳು. ದನಿ ಕೊಡುವವರು ಮೊದಲು ಹೆಡ್‌ಫೋನಿನಲ್ಲಿ ಮೂಲ ಟೇಪನ್ನು ಕೇಳುತ್ತೀರಿ ತಾನೇ? ಹಾಗಾದರೆ ನೀನು ಇದನ್ನು ಕೇಳಿದ್ದೆಯಾ? ಕೇಳಿಯೂ ಅದರ ಮೇಲೆ ಕೂಗಿದೆಯಾ?

ರೀಲು ವಾಪಸು ಕಳಿಸಿದ್ದೇನೆ. ಈ ಮನೆಯಲ್ಲಿ ಅದನ್ನು ಇಟ್ಟುಕೊಳ್ಳಲಾಗುವುದಿಲ್ಲ. ಕರಾರಿಗೆ ಇನ್ನೂ ಸಹಿ ಹಾಕಿಲ್ಲ.

ನೆವೆನಾ


ಸೋಫಿಯಾ
22 ಫೆಬ್ರವರಿ 1975

ನೆವೆನಾ,

ಕೇಳಿದ್ದೆ. ಕೇಳಿದ ಕೂಡಲೇ ಹೆಡ್‌ಫೋನು ಕಿತ್ತು ಹೊರಗೆ ಹೋಗಿ ಓಣಿಯಲ್ಲಿ ನಿಂತಿದ್ದೆ. ಕಿವಿಗೆ ಹಾಕಿಕೊಂಡವಳು ನಾನೊಬ್ಬಳೇ, ಗಾಜಿನಾಚೆ ಮೂಲ ಟೇಪು ಕೇಳಿಸುವುದಿಲ್ಲ. ನೀರು ಕುಡಿದೆ. ಒಳಗೆ ಬಂದೆ. ಅದರ ಮೇಲೆ ಕೂಗಿದೆ. "ಬಂಗಾರ!" ಎಂದ ಕರಾಪೆಟ್ರೋವ್. ಇದನ್ನು ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ.

ಆ ಕರಾರಿಗೆ ಸಹಿ ಹಾಕಬೇಡ, ಒಲೆಗೆ ಹಾಕು. ಕರಾಪೆಟ್ರೋವ್ ತಾನೇ ಗುರುವಾರದ ರೈಲಿಗೆ ವಿದಿನ್ನಿಗೆ ಬರುತ್ತಿದ್ದಾನೆ, ಹೊಸ ಕರಾರು ಹಿಡಿದುಕೊಂಡು. ದನಿ ನಿನ್ನದೇ ಎಂದು ಅದರಲ್ಲಿ ಬರೆದಿರುವುದನ್ನು ನಾನೇ ಓದಿದೆ. ನಾನು ಆ ಚಿತ್ರದಲ್ಲಿಲ್ಲ. ಇದು ಹೇಗಾಯಿತು ಎಂದು ನೀನು ತಿಳಿದುಕೊಂಡೇ ಅವನ ಎದುರು ಕೂರಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಪತ್ರ ಓದಿ ಮುಗಿಸಿದವಳೇ ರೀಲು ಚೀಲಕ್ಕೆ ಹಾಕಿಕೊಂಡು ಸ್ಟುಡಿಯೋಗೆ ಹೋದೆ. ಹೊಸ ಚಿತ್ರದ ಮಾತುಕತೆಗೆ ಅವನು ನನ್ನನ್ನು ಕರೆದಿದ್ದ. ತೊಮಾನಿಗೆ ರೀಲು ಕೊಟ್ಟು "ದೊಡ್ಡ ಸ್ಪೀಕರಿಗೆ ಹಾಕು" ಎಂದೆ. ಅವನು ನನ್ನ ಮುಖ ನೋಡಿದ, ತನ್ನ ಕೆಲಸ ಹೋಯಿತು ಎಂದುಕೊಂಡ, ಆದರೂ ಹಾಕಿದ.

ಕರಾಪೆಟ್ರೋವ್ ಸಿಗರೇಟು ಹಚ್ಚಿಕೊಳ್ಳುತ್ತಿದ್ದ. ಕಡ್ಡಿ ಉರಿದು ಬೆರಳಿಗೆ ಬಂದರೂ ಕೈ ಕೊಡವಲಿಲ್ಲ. ಟೇಪು ಮುಗಿದು ಚಕ್ರ ಸುಮ್ಮನೆ ತಿರುಗುತ್ತಿತ್ತು. ಆಮೇಲೆ ಎದ್ದು ನಿಂತು ನಮ್ಮ ಮೇಲೇ ಹಾರಾಡಿದ: "ಯಾರ್ರೀ ಇವಳು? ಎಲ್ಲಿಟ್ಟಿದ್ರಿ ಇವಳನ್ನ ಇಷ್ಟು ದಿನ? ಇಂಥ ದನಿ ಇಟ್ಕೊಂಡು ನನ್ನ ದೋಣಿ ಚಿತ್ರಕ್ಕೆ ಯಾಕೆ ಕರೆಸ್ಲಿಲ್ಲ ನೀವು? ತಲೆ ಇದೆಯಾ ನಿಮಗೆ?"

ತೊಮಾ ನನ್ನನ್ನು ನೋಡಿದ, ನಾನು ತೊಮಾನನ್ನು ನೋಡಿದೆ.

"ಇದು ನಿಮ್ಮ ದೋಣಿ ಚಿತ್ರದ್ದೇ. ನೆವೆನಾ" ಎಂದೆ.

"ಯಾವ ನೆವೆನಾ?" ಎಂದ.

ಸೆವ್ದಾ